ಸಹಾಯ ಬೇಕು: ಅಂಚೆಯಲ್ಲಿ ಚೆಕ್ ಕಳಿಸಿ ಅಮ್ಮನ ಉಳಿತಾಯ ಖಾತೆ

ಎಲ್ಲರಿಗೂ ನಮಸ್ಕಾರ. ನಾವಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಅಮ್ಮ ಧಾರವಾಡದಿಂದ ಬಂದು ನಮ್ಮ ಜೊತೆಗೇ ಇದ್ದಾರೆ. ವಯಸ್ಸು 74, ಮಂಡಿನೋವು ಜಾಸ್ತಿ. ಇಲ್ಲೊಂದು ಉಳಿತಾಯ ಖಾತೆ ಬೇಕು. ಮೊಬೈಲಿನಲ್ಲಿ ಮಾಡೋಣವೆಂದರೆ ಆಧಾರ್‌ಗೆ ಹಳೆಯ ನಂಬರ್ ಇದೆ, ಓಟಿಪಿ ಬರುವುದೇ ಇಲ್ಲ.

ಒಂದು ಬ್ಯಾಂಕಿನವರು ಅಂಚೆಯಲ್ಲೇ ಕಳಿಸಿ ಅಂದರು. ಫಾರ್ಮ್, ಫೋಟೋ, ಸಹಿ ಮಾಡಿದ ಆಧಾರ್ ಮತ್ತು ಪ್ಯಾನ್ ಜೆರಾಕ್ಸ್, ಧಾರವಾಡದ ಖಾತೆಯಿಂದ 5,000 ರೂಪಾಯಿಯ ಕ್ರಾಸ್ ಮಾಡಿದ ಚೆಕ್, ಎಲ್ಲ ಸ್ಪೀಡ್ ಪೋಸ್ಟಿಗೆ ಹಾಕಿದೆ. ಮೂರು ವಾರದ ಮೇಲೆ ಲಕೋಟೆ ವಾಪಸ್! ಸಹಿ ಹೊಂದುತ್ತಿಲ್ಲವಂತೆ. ನೋಡಿದರೆ ಅಮ್ಮ ಚೆಕ್ಕಿಗೆ ಕನ್ನಡದಲ್ಲಿ, ಫಾರ್ಮಿಗೆ ಇಂಗ್ಲಿಷಿನಲ್ಲಿ ಸಹಿ ಹಾಕಿದ್ದಾರೆ. ನಾನೂ ಗಮನಿಸಲಿಲ್ಲ, ಬಿಡಿ.

ಚೆಕ್ಕಿಗೆ 3 ತಿಂಗಳು ಆಯಸ್ಸು ಇರುತ್ತದಲ್ವಾ, ಅದನ್ನೇ ಹೊಸ ಫಾರ್ಮಿನ ಜೊತೆ ಕಳಿಸಬಹುದಾ? ಕನ್ನಡ ಸಹಿಯನ್ನು ಇಲ್ಲಿಯವರು ಸುಮ್ನೆ ಒಪ್ಪುತ್ತಾರಾ? 70 ದಾಟಿದವರಿಗೆ ಮನೆಗೇ ಬಂದು ಸೇವೆ ಕೊಡಿ ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಡೊಂಬಿವಲಿ, ಕಲ್ಯಾಣ್ ಕಡೆ ಹಾಗೆ ಯಾರಾದರೂ ಹೊಸ ಖಾತೆ ಮಾಡಿಸಿದ್ದೀರಾ? ಇಲ್ಲದಿದ್ದರೆ 500 ರೂಪಾಯಿ ಕಟ್ಟಿ ಪೋಸ್ಟ್ ಆಫೀಸಿನಲ್ಲೇ ತೆರೆಯೋಣ ಅಂತಿದ್ದೇನೆ. ಆದರೆ ಅಲ್ಲಿಗೂ ರಿಕ್ಷಾದಲ್ಲಿ ಅಮ್ಮನನ್ನು ಕೂರಿಸಿಕೊಂಡೇ ಹೋಗಬೇಕಾ? ಗೊತ್ತಿದ್ದವರು ದಯವಿಟ್ಟು ಹೇಳಿ.