ಅಪ್‌ಡೇಟ್: ತಮ್ಮನ ಸೋಯಾ, ಅವ್ವನ ಥೈರಾಯ್ಡ್ ಮಾತ್ರೆ

ಹೋದ ತಿಂಗಳು ಅಕ್ಕಲಕೋಟದಿಂದ ಕೇಳಿದ್ದೆ. ಜಿಮ್‌ಗೆ ಹೋಗುವ ತಮ್ಮ ದಿನಾ 50 ಗ್ರಾಂ ಸೋಯಾ ಚಂಕ್ಸ್ ತಿನ್ನುತ್ತಾನೆ, ಗಂಡು ಹಾರ್ಮೋನ್ ಕಡಿಮೆ ಆಗುತ್ತದೆ ಅಂತ ಎಲ್ಲರೂ ಹೆದರಿಸುತ್ತಿದ್ದಾರೆ, ಬಿಡಿಸಬೇಕಾ ಅಂತ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಸೊಲ್ಲಾಪುರಕ್ಕೆ ಹೋಗಿ ಬೆಳಗ್ಗೆಯೇ ರಕ್ತ ಕೊಟ್ಟು ಬಂದ. ಟೆಸ್ಟೋಸ್ಟೆರಾನ್ (ಅದೇ ಗಂಡು ಹಾರ್ಮೋನ್) ನಾರ್ಮಲ್! ಡಾಕ್ಟರ್ ಹೇಳಿದ್ದು ಇಷ್ಟು: ಸೋಯಾದಲ್ಲಿ ಐಸೋಫ್ಲೇವೋನ್ ಅನ್ನುವ ಅಂಶ ಇರುತ್ತದೆ, ಅದು ಹೆಣ್ಣು ಹಾರ್ಮೋನ್ ಈಸ್ಟ್ರೋಜನ್ ತರಹ ಕಾಣುತ್ತದೆ, ಆದರೆ ಕೆಲಸ ಬಹಳ ದುರ್ಬಲ. ಗಂಡಸರ ಮೇಲೆ ನಡೆದ ಅಧ್ಯಯನಗಳನ್ನೆಲ್ಲ 2010ರಲ್ಲಿ, ಮತ್ತೆ 2021ರಲ್ಲಿ ಒಟ್ಟಿಗೆ ಸೇರಿಸಿ ನೋಡಿದಾಗ ಟೆಸ್ಟೋಸ್ಟೆರಾನ್ ಇಳಿದದ್ದು ಕಾಣಲಿಲ್ಲ. ಸೋಯಾದಿಂದ ಗಂಡಸಿಗೆ ಎದೆ ಬೆಳೆದ ಕಥೆ ಹೇಳುತ್ತಾರಲ್ಲ, 2008ರಲ್ಲಿ ವರದಿಯಾದ ಆ ಅಮೆರಿಕದ ಮನುಷ್ಯ ದಿನಕ್ಕೆ ಸುಮಾರು 3 ಲೀಟರ್ ಸೋಯಾ ಹಾಲು ಕುಡಿಯುತ್ತಿದ್ದ, ಬಿಟ್ಟ ಮೇಲೆ ಸರಿಹೋಯಿತು.

ನಾನು ಕೇಳದೇ ಇದ್ದ ವಿಷಯವೇ ದೊಡ್ಡದಾಗಿ ಬಂತು. ಅವ್ವನಿಗೆ ಥೈರಾಯ್ಡ್ ಇದೆ. ತಮ್ಮನ ನೋಡಿ ಅವಳೂ ರೊಟ್ಟಿ ಹಿಟ್ಟಿಗೆ ಸೋಯಾ ಹಿಟ್ಟು ಬೆರೆಸುತ್ತಿದ್ದಳು, ಬೆಳಗ್ಗೆ ಮಾತ್ರೆ ನುಂಗಿದ ತಕ್ಷಣ ಅದೇ ರೊಟ್ಟಿ. ಅವಳ ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನ್ ಸಾಲದಿದ್ದಾಗ ರಕ್ತದಲ್ಲಿ ಏರುವ ಹಾರ್ಮೋನ್) ಜಾಸ್ತಿ ಆಗಿತ್ತು. ಸೋಯಾ ಆ ಮಾತ್ರೆ ಮೈಗೆ ಹತ್ತದ ಹಾಗೆ ಮಾಡಬಹುದಂತೆ. ಡೋಸ್ ಏರಿಸದೆ, ಮಾತ್ರೆ ಖಾಲಿ ಹೊಟ್ಟೆಗೆ, ಸೋಯಾ ರೊಟ್ಟಿ ರಾತ್ರಿಗೆ ಅಂದಿದ್ದಾರೆ. ಮನೆಯಲ್ಲಿ ಯಾರಾದರೂ ಈ ಮಾತ್ರೆ ತಗೊಳ್ತಿದ್ದರೆ ದಯವಿಟ್ಟು ಇವತ್ತೇ ಕೇಳಿ ನೋಡಿ. ಆರು ವಾರ ಬಿಟ್ಟು ಅವ್ವನ ರಕ್ತ ಮತ್ತೆ ಪರೀಕ್ಷೆ ಇದೆ, ಬಂದ ಮೇಲೆ ಬರೆಯುತ್ತೇನೆ.