ಅಪ್‌ಡೇಟ್: ಪಿಕಪ್‌ನ ಗೇರ್ ಜರ್ಕ್ ಹೋಯಿತು

ನಮ್ಮ ಹಳೆಯ ಡೀಸೆಲ್ ಆಟೋಮ್ಯಾಟಿಕ್ ಪಿಕಪ್ 2ರಿಂದ 3ನೇ ಗೇರಿಗೆ ಹೋಗುವಾಗ ಜೋರಾಗಿ ಜರ್ಕ್ ಹೊಡೆಯುತ್ತದೆ, ಏನು ಮಾಡಲಿ ಅಂತ ನಿಮ್ಮನ್ನು ಕೇಳಿದ್ದೆ. ಗೇರ್‌ಬಾಕ್ಸ್ ಇಳಿಸುವ ಮೊದಲು ಅದರ ಆಯಿಲ್ ನೋಡಿ ಅಂದಿದ್ದಿರಿ. ಗಾಡಿ ಬಿಸಿಯಾದ ಮೇಲೆ, ಸಮತಟ್ಟು ಜಾಗದಲ್ಲಿ, ಎಂಜಿನ್ ಆಫ್ ಮಾಡದೆ ಗೇರ್‌ಬಾಕ್ಸ್ ಆಯಿಲ್ ನೋಡುವ ಕಡ್ಡಿ (ಡಿಪ್‌ಸ್ಟಿಕ್) ಎಳೆದೆ. ಆಯಿಲ್ ಕಪ್ಪಾಗಿತ್ತು, ಸುಟ್ಟ ವಾಸನೆ ಬೇರೆ. ಕಲಬುರಗಿ ಬಿಸಿಲು, ಮೇಲೆ ತೊಗರಿ ಮೂಟೆಗಳ ಲೋಡು. ಪಾಪ, ಅದೂ ಎಷ್ಟು ತಡೆದೀತು?

ಗೇರ್‌ಬಾಕ್ಸ್ ಕೆಳಗಿನ ಆಯಿಲ್ ತಟ್ಟೆ (ಪ್ಯಾನ್) ಬಿಚ್ಚಿದಾಗ ಅದರಲ್ಲಿರುವ ಮ್ಯಾಗ್ನೆಟ್ ಮೇಲೆ ನುಣ್ಣನೆ ಪುಡಿ ಮಾತ್ರ, ಲೋಹದ ಚೂರು ಇರಲಿಲ್ಲ. ಹೋದ ಜೀವ ಬಂದಂತಾಯಿತು! ಫಿಲ್ಟರ್ ಬದಲಿಸಿ, ಮ್ಯಾನುಯಲ್‌ನಲ್ಲಿರುವ ಗ್ರೇಡಿನ ಆಯಿಲ್ ಹಾಕಿಸಿದೆ. ಎಂಜಿನ್ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್‌ನಲ್ಲಿ ಹಳೆಯ ಆಯಿಲ್ ಉಳಿದಿರುತ್ತದೆ ಅಲ್ವಾ, ವಾರ ಬಿಟ್ಟು ಮತ್ತೊಮ್ಮೆ ಬದಲಿಸಿದೆ.

ನಿನ್ನೆ ಲೋಡ್ ಸಮೇತ ಆಳಂದಕ್ಕೆ ಹೋಗಿ ಬಂದೆ. ಬೆಣ್ಣೆಯಿಂದ ಕೂದಲು ತೆಗೆದಂತೆ ಗೇರ್ ಬದಲಾಗುತ್ತಿದೆ. ನೀವು ತಡೆಯದಿದ್ದರೆ ಸುಮ್ನೆ ಗೇರ್‌ಬಾಕ್ಸ್ ಬಿಚ್ಚಿಸುತ್ತಿದ್ದೆ. ತುಂಬಾ ಥ್ಯಾಂಕ್ಸ್.