ಊರಿಗೆ ಹೊರಟಾಗ ಕೂಸನ್ನು ಎಲ್ಲಿ ಮಲಗಿಸೋದು? ಮಕ್ಕಳ ಡಾಕ್ಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಧಾರವಾಡದ ಒಬ್ಬ ತಾಯಿ):

ಮೇಡಂ, ನಮಸ್ಕಾರ. ನನ್ನ ಮಗಳಿಗೆ ನಾಲ್ಕೂವರೆ ತಿಂಗಳು, ತೂಕ 6.4 ಕೆಜಿ. ಹೋದ ವಾರದಿಂದ ಒಂದು ಮಗ್ಗುಲಿಗೆ ಹೊರಳುತ್ತಿದ್ದಾಳೆ. ಮುಂದಿನ ತಿಂಗಳು ರಾಣೆಬೆನ್ನೂರಿನಲ್ಲಿ ಮೈದುನನ ಮದುವೆ. ಅಲ್ಲಿ ಮೂರು ರಾತ್ರಿ, ಆಮೇಲೆ ಹಾವೇರಿ ಹತ್ತಿರದ ಹಳ್ಳಿಯಲ್ಲಿ ನಮ್ಮ ಅಜ್ಜಿ ಮನೆಯಲ್ಲಿ ಎರಡು ರಾತ್ರಿ. ಕಾರಿನಲ್ಲಿ ಹೋಗ್ತೀವಿ.

ಕೂಸಿಗೆ ಅಂತ ನಾಲ್ಕು ಸಾಮಾನು ಮನೆಗೆ ಬಂದು ಕೂತಿವೆ. ಛತ್ರಿಯಂತೆ ಬಿಚ್ಚುವ ಸೊಳ್ಳೆ ಪರದೆಯ ಹಾಸಿಗೆ, ಜೊತೆಗೆ ಪುಟ್ಟ ದಿಂಬು. ಸುತ್ತ ದಪ್ಪ ಅಂಚಿರುವ ಗೂಡಿನಂಥ ಮೆತ್ತೆ, ಗೆಳತಿ ಕೊಟ್ಟಿದ್ದು. ಸ್ಟ್ಯಾಂಡ್ ಸಮೇತ ಸ್ಪ್ರಿಂಗ್ ಜೋಳಿಗೆ. ಕಡೆಯದು ನಾದಿನಿ ಅಮೆರಿಕದಿಂದ ತಂದ ಮಡಿಚುವ ತೊಟ್ಟಿಲು, ನಾಲ್ಕೂ ಕಡೆ ಜಾಳಿಗೆ ಇರುತ್ತದಲ್ಲ, ಟ್ರಾವೆಲ್ ಕಾಟ್ ಅಂತಾರೆ, ಅದು. ಅವರ ಮಗ ಬಳಸಿ ಬಿಟ್ಟಿದ್ದು. ಅದರ ಹಾಸಿಗೆ ಹಲಗೆ ಮುಟ್ಟಿದ ಹಾಗಿದೆ. ಅತ್ತೆಯವರು "ಕೂಸಿನ ಬೆನ್ನು ನೋಯ್ತದ, ಮ್ಯಾಲೊಂದು ಹತ್ತಿ ಗಾದಿ ಹಾಕೋಣ" ಅಂತಾರೆ. ಯಾವುದನ್ನು ಒಯ್ಯಲಿ?

ಉತ್ತರ (ಮಕ್ಕಳ ವೈದ್ಯೆ, ಹುಬ್ಬಳ್ಳಿ):

ನಾದಿನಿಯವರ ತೊಟ್ಟಿಲು ಒಯ್ಯಿರಿ. ಗಾದಿಯನ್ನು ಮನೆಯಲ್ಲೇ ಬಿಡಿ. ಗಡಿಬಿಡಿಯಲ್ಲಿರುವವರಿಗೆ ಇಷ್ಟು ಸಾಕು, ಉಳಿದವರು ಮುಂದೆ ಓದಿ.

ಮೊದಲು ಅತ್ತೆಯವರ ಚಿಂತೆ. ಅವರ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಮೆತ್ತಗಿದ್ದರೆ ಸುಖ ಅನ್ನೋದು ನಮ್ಮ ನಿಮ್ಮ ವಯಸ್ಸಿನ ಲೆಕ್ಕ. ಕೂಸಿನ ಬೆನ್ನು ಗಟ್ಟಿ ಹಾಸಿಗೆಯಲ್ಲಿ ನೋಯುವುದಿಲ್ಲ. ಮೆತ್ತನೆಯ ಗಾದಿಯಲ್ಲಿ ಅದು ಹೊರಳಿ ಬೋರಲು ಬಿತ್ತು ಅಂದುಕೊಳ್ಳಿ. ಮುಖ ಒಳಗೆ ಹೂತುಕೊಳ್ಳುತ್ತದೆ, ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತದೆ. ತಲೆ ಎತ್ತಿ ಪಕ್ಕಕ್ಕೆ ತಿರುಗಿಸುವ ಶಕ್ತಿ ಈ ವಯಸ್ಸಿಗೆ ಪೂರ್ತಿ ಬಂದಿರುವುದಿಲ್ಲ. ಅಳುವುದಿಲ್ಲ, ಒದ್ದಾಡುವುದಿಲ್ಲ. ಪಕ್ಕದಲ್ಲೇ ಮಲಗಿದವರಿಗೂ ಗೊತ್ತಾಗದೆ ಹೋಗಬಹುದು. ನಿದ್ದೆಯಲ್ಲಿ ಕೂಸು ದಿಢೀರ್ ಅಂತ ಸಾಯುವ ಅಪಾಯ ಒಂದರಿಂದ ನಾಲ್ಕು ತಿಂಗಳ ನಡುವೆ ಎಲ್ಲಕ್ಕಿಂತ ಜಾಸ್ತಿ, ಅಂಥ ಸಾವುಗಳಲ್ಲಿ ಹೆಚ್ಚಿನವು ಆರು ತಿಂಗಳ ಒಳಗೇ ಆಗುತ್ತವೆ. ನಿಮ್ಮ ಮಗಳು ಈಗ ಆ ವಯಸ್ಸಿನಲ್ಲೇ ಇದ್ದಾಳೆ.

ಈ ತೊಟ್ಟಿಲಿಗೆ ಗಾದಿ ಬೇಡ ಅನ್ನೋದಕ್ಕೆ ಇನ್ನೊಂದು ಕಾರಣವಿದೆ. ಇದರ ಗೋಡೆ ಮರದ್ದಲ್ಲ, ಬಟ್ಟೆ ಮತ್ತು ಜಾಳಿಗೆ. ಒತ್ತಿದರೆ ಹೊರಗೆ ಜಗ್ಗುತ್ತದೆ. ನೀವು ಬೇರೆ ಗಾದಿ ಹಾಕಿದರೆ ಅದರ ಅಂಚಿಗೂ ಜಾಳಿಗೆಗೂ ನಡುವೆ ಸಂದು ಬೀಳುತ್ತದೆ. ಹೊರಳುವ ಕೂಸು ಆ ಸಂದಿಗೆ ಜಾರಿ ಮುಖ ಸಿಕ್ಕಿಸಿಕೊಳ್ಳುತ್ತದೆ. ಹಾಗಾಗಿ ಅದರ ಜೊತೆ ಬಂದ ಹಾಸಿಗೆ ಮಾತ್ರ, ಮೇಲೆ ಬಿಗಿಯಾಗಿ ಎಳೆದು ಹಾಕಿದ ಒಂದು ತೆಳು ಬಟ್ಟೆ. ಮತ್ತೇನೂ ಬೇಡ. ದಿಂಬು, ಪಕ್ಕದ ದಿಂಬು, ಗೊಂಬೆ, ಮಡಚಿಟ್ಟ ಶಾಲು, ಯಾವುದೂ ಬೇಡ. ನೋಡಿದವರಿಗೆ ಬಡವರ ಮನೆ ತೊಟ್ಟಿಲಿನ ಹಾಗೆ ಕಾಣಬೇಕು, ಆಗ ಸರಿ ಇದೆ ಅಂತ.

ಅಂಗಾತ ಮಲಗಿಸಿ, ಪ್ರತಿ ನಿದ್ದೆಗೂ. 1994ರಲ್ಲಿ ಅಮೆರಿಕದಲ್ಲಿ ಇದೊಂದನ್ನೇ ಹೇಳಿಕೊಂಡು ದೊಡ್ಡ ಪ್ರಚಾರ ಮಾಡಿದರು. ಮುಂದಿನ ಕೆಲವೇ ವರ್ಷಗಳಲ್ಲಿ ಇಂಥ ಸಾವು ಅರ್ಧಕ್ಕೆ ಇಳಿಯಿತು. ಔಷಧಿ ಇಲ್ಲ, ಮಷಿನ್ ಇಲ್ಲ, ಮಗ್ಗುಲು ಬದಲಿಸಿದ್ದು ಅಷ್ಟೇ. ಹೊರಳಲು ಶುರು ಮಾಡಿದ್ದರಿಂದ ಬಟ್ಟೆಯಲ್ಲಿ ಕೈ ಸೇರಿಸಿ ಸುತ್ತಿ ಮಲಗಿಸೋದನ್ನು ಇವತ್ತಿನಿಂದಲೇ ನಿಲ್ಲಿಸಿ.

ಇನ್ನು ಗೂಡಿನಂಥ ಮೆತ್ತೆ. ಎಚ್ಚರ ಇದ್ದಾಗ ಫೋಟೋ ತೆಗೆಯೋಕೆ ಚೆಂದ, ನಿದ್ದೆಗೆ ಬೇಡವೇ ಬೇಡ. ಇದೇ ಜಾತಿಯ ಮೆತ್ತೆಗಳಲ್ಲಿ ಎಂಟು ಕೂಸುಗಳು ತೀರಿಕೊಂಡ ಮೇಲೆ 2021ರಲ್ಲಿ ಅಮೆರಿಕದಲ್ಲಿ ಒಂದೇ ಕಂಪನಿಯ ಸುಮಾರು 33 ಲಕ್ಷ ಮೆತ್ತೆಗಳನ್ನು ವಾಪಸ್ ತರಿಸಿಕೊಂಡರು.

ಜೋಳಿಗೆ ಬಗ್ಗೆ ಬರೆಯುವಾಗ ನನಗೂ ಸ್ವಲ್ಪ ಬೇಜಾರು, ನಾನೇ ಜೋಳಿಗೆಯಲ್ಲಿ ಬೆಳೆದವಳು. ಆದರೂ ಒಂದು ಕೆಲಸ ಮಾಡಿ ನೋಡಿ. ಗದ್ದವನ್ನು ಎದೆಗೆ ಒತ್ತಿಕೊಂಡು ಒಂದು ನಿಮಿಷ ಉಸಿರಾಡಿ. ಜೋಳಿಗೆಯ ಬಟ್ಟೆ ನಡುವೆ ಕುಸಿದಾಗ ಕೂಸಿನ ಕತ್ತು ಹೀಗೇ ಬಾಗುತ್ತದೆ. ನಮಗೆ ಕತ್ತು ಎತ್ತೋಕೆ ಬರುತ್ತದೆ, ಅದಕ್ಕೆ ಬರುವುದಿಲ್ಲ. ಅಳು ನಿಲ್ಲಿಸಲು ನೀವೇ ಮುಂದೆ ಕೂತು ನಾಲ್ಕು ಸಲ ತೂಗಿ, ನಿದ್ದೆ ಹತ್ತಿದ ಕೂಡಲೇ ಎತ್ತಿ ಸಮತಟ್ಟು ಜಾಗದಲ್ಲಿ ಮಲಗಿಸಿ. ರಾತ್ರಿಯಿಡೀ ಅದರಲ್ಲಿ ಬೇಡ.

ಕಾರ್ ಸೀಟಿಗೂ ಇದೇ ಮಾತು. ಕಾರು ಓಡುವಾಗ ಅದರಷ್ಟು ಒಳ್ಳೆಯದು ಬೇರೆ ಇಲ್ಲ, ಕಾರು ನಿಂತ ಮೇಲೆ ಅದು ಹಾಸಿಗೆಯಲ್ಲ. ಧಾರವಾಡದಿಂದ ರಾಣೆಬೆನ್ನೂರಿಗೆ ಎರಡೂವರೆ ಗಂಟೆ ದಾರಿ ಅಲ್ವಾ? ಶಿಗ್ಗಾವಿ ಕಡೆ ಒಮ್ಮೆ ನಿಲ್ಲಿಸಿ, ಕೂಸನ್ನು ಹೊರಗೆ ತೆಗೆದು ಹಾಲು ಕುಡಿಸಿ, ನೀವೂ ಚಹಾ ಕುಡಿಯಿರಿ. ಮಂಟಪ ತಲುಪಿದಾಗ ನಿದ್ದೆ ಮಾಡುತ್ತಿದ್ದಾಳೆ, ಎಬ್ಬಿಸೋದು ಯಾಕೆ ಅಂತ ಸೀಟಿನಲ್ಲೇ ಮೂಲೆಗೆ ಇಟ್ಟು ಹೋಗಬೇಡಿ.

ಪ್ರಶ್ನೆ (ಅದೇ ತಾಯಿ):

ಥ್ಯಾಂಕ್ಸ್ ಮೇಡಂ. ಇವತ್ತು ತೊಟ್ಟಿಲು ಬಿಚ್ಚಿ ನೋಡಿದೆವು. ನಮ್ಮ ಮನೆಯವರು ಅರ್ಧ ಗಂಟೆ ಒದ್ದಾಡಿದರು. ತಳ ಕೆಳಗೆ ಹೋಗಿ ಕೂತಿದೆ, ಆದರೆ ಮೇಲಿನ ಕಂಬಿಗಳು ನೆಟ್ಟಗೆ ನಿಲ್ಲುತ್ತಿಲ್ಲ. ಕೆಟ್ಟಿದೆಯಾ? ಒಳಗೆ ಮೇಲುಗಡೆ ಕೊಕ್ಕೆಯಿಂದ ತೂಗುಹಾಕುವ ಇನ್ನೊಂದು ಪುಟ್ಟ ಹಾಸಿಗೆಯೂ ಇದೆ. ಅದನ್ನು ಬಳಸಬಹುದಾ?

ಉತ್ತರ:

ಕೆಟ್ಟಿಲ್ಲ, ಉಲ್ಟಾ ಮಾಡಿದ್ದೀರಿ. ಎಲ್ಲರೂ ಮೊದಲ ದಿನ ಮಾಡುವ ತಪ್ಪು, ನಾನೂ ಮಾಡಿದ್ದೇನೆ. ತಳದ ನಡುವೆ ಒಂದು ಪಟ್ಟಿ ಇರುತ್ತದಲ್ಲ, ಅದನ್ನು ಹಿಡಿದು ತಳವನ್ನು ಮತ್ತೆ ಮೇಲಕ್ಕೆ ಎಳೆಯಿರಿ. ಈಗ ನಾಲ್ಕೂ ಕಂಬಿಗಳ ನಡುಭಾಗ ಹಿಡಿದು ಒಂದೊಂದಾಗಿ ಮೇಲೆತ್ತಿ. "ಟಕ್" ಅಂತ ಸದ್ದು ಬರಬೇಕು. ಬಂದ ಮೇಲೂ ಅಂಗೈಯಿಂದ ಕೆಳಗೆ ಗಟ್ಟಿಯಾಗಿ ಒತ್ತಿ ನೋಡಿ, ಮಡಚಬಾರದು. ನಾಲ್ಕೂ ಆದ ಮೇಲೆ ತಳವನ್ನು ಒತ್ತಿ ಇಳಿಸಿ.

ಈ ಟಕ್ ಸದ್ದಿಗೆ ನಾನು ಯಾಕೆ ಇಷ್ಟು ಒತ್ತು ಕೊಡುತ್ತೇನೆ ಅಂದರೆ, 1998ರಲ್ಲಿ ಚಿಕಾಗೋದ ಒಂದು ಶಿಶುಪಾಲನಾ ಮನೆಯಲ್ಲಿ ಇಂಥದೇ ಮಡಿಚುವ ತೊಟ್ಟಿಲಿನ ಕಂಬಿ ಕುಸಿದು ಇಂಗ್ಲಿಷಿನ ವಿ ಅಕ್ಷರದ ಹಾಗೆ ಆಯಿತು. ಅದರಲ್ಲಿ 16 ತಿಂಗಳ ಮಗುವಿನ ಕತ್ತು ಸಿಕ್ಕಿ ಜೀವ ಹೋಯಿತು. ಆ ಮಾಡೆಲ್ಲನ್ನು ಕಂಪನಿ ಐದು ವರ್ಷ ಮೊದಲೇ ವಾಪಸ್ ಕರೆದಿತ್ತು, ಸುದ್ದಿ ಆ ಮನೆಗೆ ಮುಟ್ಟಿರಲಿಲ್ಲ. ಆ ಮಗುವಿನ ತಂದೆ ತಾಯಿ ಹತ್ತು ವರ್ಷ ಬಿಡದೆ ಓಡಾಡಿದರು. 2008ರಲ್ಲಿ ಬಂದ ಅಮೆರಿಕದ ಕಾನೂನಿನಲ್ಲಿ ಮಕ್ಕಳ ತೊಟ್ಟಿಲುಗಳ ಪರೀಕ್ಷೆ ಕಡ್ಡಾಯ ಮಾಡುವ ಭಾಗಕ್ಕೆ ಆ ಮಗುವಿನ ಹೆಸರೇ ಇದೆ. ನಿಮ್ಮದು ಬಳಸಿದ ತೊಟ್ಟಿಲು. ತಳದಲ್ಲಿ ಅಂಟಿಸಿದ ಚೀಟಿಯಲ್ಲಿ ಮಾಡೆಲ್ ನಂಬರ್ ಇರುತ್ತದೆ. ಅದನ್ನು ನಾದಿನಿಯವರಿಗೆ ಕಳಿಸಿ, ಅಲ್ಲಿನ ಸರ್ಕಾರದ ಗ್ರಾಹಕ ಸುರಕ್ಷತಾ ಆಯೋಗದ ವೆಬ್‌ಸೈಟಿನಲ್ಲಿ ವಾಪಸ್ ಕರೆದ ಪಟ್ಟಿಯಲ್ಲಿ ಇದೆಯಾ ಅಂತ ನೋಡಲು ಹೇಳಿ. ಐದು ನಿಮಿಷದ ಕೆಲಸ. ಹಾಗೇ ಜಾಳಿಗೆ ಎಲ್ಲಾದರೂ ಹರಿದಿದೆಯಾ ನೋಡಿ. ಪೆನ್ಸಿಲ್ ತೂರುವಷ್ಟು ತೂತಿದ್ದರೆ ಆ ತೊಟ್ಟಿಲು ಬೇಡ, ಹೊಲಿಗೆ ಹಾಕಿಯೂ ಬೇಡ.

ಮೇಲಿನ ಪುಟ್ಟ ಹಾಸಿಗೆ ನಿಮ್ಮ ಮಗಳಿಗೆ ಮುಗಿದ ಕಥೆ. ಸಾಮಾನ್ಯವಾಗಿ ಅದು 6.8 ಕೆಜಿ ತನಕ ಅಂತ ಬರೆದಿರುತ್ತಾರೆ, ಹಾಗಾಗಿ ಇನ್ನೂ ಜಾಗ ಇದೆ ಅನ್ನಿಸಬಹುದು. ಆದರೆ ಜೊತೆಯಲ್ಲೇ "ಹೊರಳುವ ತನಕ ಅಥವಾ ಕೈಯೂರಿ ಏಳುವ ತನಕ" ಅಂತಲೂ ಇರುತ್ತದೆ. ಯಾವುದು ಮೊದಲು ಬರುತ್ತದೋ ಅದೇ ಲೆಕ್ಕ. ಕೆಳಗಿನ ತಳದಲ್ಲೇ ಮಲಗಿಸಿ. ಬಗ್ಗಿ ಎತ್ತುವಾಗ ನಿಮ್ಮ ಸೊಂಟ ಸ್ವಲ್ಪ ಶಾಪ ಹಾಕುತ್ತದೆ, ಹಾಕಲಿ.

ಗದಗದಿಂದ ಒಬ್ಬ ಅಜ್ಜಿ:

ಡಾಕ್ಟರಮ್ಮಾ, ನಾವು ಐದು ಮಕ್ಕಳನ್ನು ಕೌದಿ ಮೇಲೆ ಮಲಗಿಸಿ ದೊಡ್ಡವರನ್ನು ಮಾಡಿದ್ದೀವಿ. ಯಾರಿಗೂ ಏನೂ ಆಗಿಲ್ಲ. ತೊಟ್ಟಿಲು ಬೇಕಂದರೆ ಕಲಘಟಗಿಯಿಂದ ಬಣ್ಣದ ತೊಟ್ಟಿಲು ತರುತ್ತಿದ್ದರು. ಈಗ ಊರಿಗೆ ಹೋಗೋಕೂ ಅಮೆರಿಕದ ಸಾಮಾನು ಬೇಕಾ?

ಉತ್ತರ:

ಅಜ್ಜಿ, ನಿಮ್ಮ ಜೊತೆ ನಾನು ಜಗಳ ಆಡೋದಿಲ್ಲ, ಯಾಕಂದರೆ ಅರ್ಧಕ್ಕಿಂತ ಜಾಸ್ತಿ ನಿಮ್ಮ ಮಾತು ಸರಿ ಇದೆ. ಹಳೇ ಸೀರೆ ಪದರ ಪದರವಾಗಿ ಜೋಡಿಸಿ, ಬೆರಳ ಅಂತರದಲ್ಲಿ ದಾರ ಓಡಿಸಿದ ಕೌದಿ ಕುಸಿಯುವುದಿಲ್ಲ, ಮುದ್ದೆಯಾಗುವುದಿಲ್ಲ. ಅಂಗೈ ಒತ್ತಿ ತೆಗೆದರೆ ಗುರುತು ಉಳಿಯುವುದಿಲ್ಲ. ಗಟ್ಟಿ ನೆಲದ ಮೇಲೆ ಒಂದೇ ಕೌದಿಯನ್ನು ಸುಕ್ಕಿಲ್ಲದೆ ಹಾಸಿದರೆ, ಅದು ಲಾಡ್ಜಿನ ಸ್ಪಂಜಿನ ಹಾಸಿಗೆಗಿಂತ ಎಷ್ಟೋ ಪಾಲು ಮೇಲು. ತೊಟ್ಟಿಲು ಕೊಳ್ಳಲು ಆಗದವರು, ಬಸ್ಸಿನಲ್ಲಿ ಹೋಗುವವರು, ಹೀಗೇ ಮಾಡಿ. ಕೌದಿ ಕೂಸಿನ ಕೆಳಗೆ ಇರಲಿ, ಮೇಲೆ ಮಾತ್ರ ಬೇಡ. ನಾಲ್ಕು ಮಡಿಕೆ ಹಾಕಿ ಮೆತ್ತಗೂ ಮಾಡಬೇಡಿ.

ಆದರೆ ನುಲಿ ಹೊರಸಿನ ಮೇಲೆ ಬೇಡ ಅಜ್ಜಿ. ನಡುವೆ ಜಗ್ಗುತ್ತದೆ, ಮಗ್ಗುಲಲ್ಲಿ ದೊಡ್ಡವರು ಮಲಗಿದರೆ ಕೂಸು ಅವರ ಕಡೆ ಜಾರುತ್ತದೆ. ಕಲಘಟಗಿ ತೊಟ್ಟಿಲನ್ನು ನಾನೂ ಇಷ್ಟಪಡುತ್ತೇನೆ. ಯಾವ ಮರದ ತೊಟ್ಟಿಲೇ ಆಗಲಿ, ಪಟ್ಟಿಗಳ ನಡುವಿನ ಸಂದು 6 ಸೆಂಟಿಮೀಟರ್ ಮೀರಬಾರದು, ಹಾಸಿಗೆಗೂ ಮರಕ್ಕೂ ನಡುವೆ ಎರಡು ಬೆರಳು ಹೋಗಬಾರದು.

ಹುಬ್ಬಳ್ಳಿಯಿಂದ ಒಬ್ಬ ತಂದೆ:

ಮೇಡಂ, ನಾವು ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಹೋಗಬೇಕು. ಮಗನಿಗೆ ಮೂರು ತಿಂಗಳು. ಎರಡು ಬರ್ತ್ ನಡುವೆ ಸೀರೆ ಜೋಳಿಗೆ ಕಟ್ಟಬಹುದಾ? ಟ್ರಾವೆಲ್ ಕಾಟ್ ರೈಲಿನಲ್ಲಿ ಬಿಚ್ಚೋಕೆ ಆಗುತ್ತದಾ?

ಉತ್ತರ:

ಆಗೋದಿಲ್ಲ, ಜಾಗ ಇಲ್ಲ. ಮೇಲಾಗಿ ಅದರ ತೂಕ ಹತ್ತು ಕೆಜಿ ಹತ್ತಿರ. ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರ್ ಪ್ಲಾಟ್‌ಫಾರ್ಮಿನಲ್ಲಿ ನಿಮ್ಮ ಬೋಗಿ ಆ ತುದಿಗೆ ಬಂದರೆ ಏನು ಗತಿ ಅಂತ ಯೋಚನೆ ಮಾಡಿ!

ಜೋಳಿಗೆ ಬೇಡ. ಕತ್ತು ಬಾಗುವ ಮಾತು ಮೇಲೆ ಬರೆದಿದ್ದೇನೆ. ರೈಲಿನಲ್ಲಿ ಬ್ರೇಕ್ ಹಾಕಿದಾಗಿನ ಜೋಲಿ ಬೇರೆ, ಗಂಟು ಬಿಚ್ಚುವ ಭಯ ಬೇರೆ. ಸಾಧ್ಯವಾದರೆ ಹಗಲು ರೈಲು ನೋಡಿ. ಧಾರವಾಡ–ಬೆಂಗಳೂರು ವಂದೇ ಭಾರತ್ 2023ರ ಜೂನ್‌ನಿಂದ ಓಡುತ್ತಿದೆ. ಹಗಲಲ್ಲಿ ಯಾರಾದರೊಬ್ಬರು ಎಚ್ಚರ ಇರುತ್ತೀರಿ. ರಾತ್ರಿಯೇ ಹೋಗಬೇಕಾದರೆ ಕೆಳಗಿನ ಬರ್ತ್ ತೆಗೆದುಕೊಂಡು ಕೂಸನ್ನು ಒಂಟಿಯಾಗಿ ಅದರ ಮೇಲೆ ಅಂಗಾತ ಮಲಗಿಸಿ, ಅಂಚಿನಲ್ಲಿ ನೀವು ಇಬ್ಬರೂ ಪಾಳಿ ಹಾಕಿಕೊಂಡು ಕೂತಿರಿ. ರೈಲ್ವೆಯ ದಿಂಬು, ಕಂಬಳಿ ಕೂಸಿನ ಹತ್ತಿರ ತರಬೇಡಿ. 2022ರಲ್ಲಿ ಲಖನೌ ಮೇಲ್‌ನಲ್ಲಿ ಕೂಸಿಗೆ ಅಂತಲೇ ಮಡಿಚುವ ಪುಟ್ಟ ಬರ್ತ್ ಹಾಕಿ ಪ್ರಯೋಗ ಮಾಡಿದ್ದರು. ನಮ್ಮ ಕಡೆ ಅದನ್ನು ನೆಚ್ಚಿಕೊಂಡು ಹೊರಡಬೇಡಿ.

ಪ್ರಶ್ನೆ (ಧಾರವಾಡದ ತಾಯಿ):

ಮೇಡಂ, ಕೊನೆಯ ಪ್ರಶ್ನೆ. ಮದುವೆ ಮನೆಯಲ್ಲಿ ತೊಟ್ಟಿಲು ಎಲ್ಲಿ ಇಡಲಿ? ಸೊಳ್ಳೆಗೆ ಏನು ಮಾಡಲಿ? ಅತ್ತೆಯವರು ಕುಂಚಿಗೆ, ಕುಲಾವಿ, ಸಾಸಿವೆ ದಿಂಬು ಎಲ್ಲ ಕಟ್ಟಿ ಇಟ್ಟಿದ್ದಾರೆ.

ಉತ್ತರ:

ನೀವು ಮಲಗುವ ಕೋಣೆಯಲ್ಲೇ ಇಡಿ, ಕೈಗೆ ಸಿಗುವಷ್ಟು ಹತ್ತಿರ. ಕಿಟಕಿ ಪರದೆಯ ಹಗ್ಗ, ಫೋನ್ ಚಾರ್ಜರಿನ ವೈರು, ಗೋಡೆಗೆ ಇಳಿಬಿಟ್ಟ ಸೀರಿಯಲ್ ಸೆಟ್ ದೀಪ ಇವು ಕೈಗೆ ನಿಲುಕಬಾರದು.

ಮದುಮಗಳ ಕೋಣೆಯ ಮಂಚ ಮಾತ್ರ ಬೇಡ. ನನ್ನ ಮಗ ಐದು ತಿಂಗಳಿದ್ದಾಗ ಗದಗದಲ್ಲಿ ಒಂದು ಮದುವೆಗೆ ಹೋಗಿದ್ದೆವು. ಅಕ್ಷತೆ ಹಾಕಿ ಬರೋಣ ಅಂತ ಅವನನ್ನು ಮಂಚದ ನಡುವೆ ಮಲಗಿಸಿ, ಒಬ್ಬ ಹುಡುಗಿಯನ್ನು ಕಾವಲಿಗೆ ಕೂರಿಸಿ ಹೋದೆ. ಹತ್ತು ನಿಮಿಷಕ್ಕೆ ವಾಪಸ್ ಬಂದೆ. ಹುಡುಗಿ ಇಲ್ಲ, ಊಟಕ್ಕೆ ಎದ್ದಿದ್ದಾಳೆ. ಮಂಚದ ತುಂಬಾ ಸೀರೆ ಬ್ಯಾಗು, ಅವನ ಮೇಲೆ ಯಾರೋ ಪಾಪ ಚಳಿ ಆದೀತು ಅಂತ ಜರಿ ಶಾಲು ಹೊದಿಸಿದ್ದಾರೆ, ಮೂಗಿನ ತನಕ. ಶಾಲು ತೆಗೆದರೆ ಕೂದಲೆಲ್ಲ ಬೆವರಿನಲ್ಲಿ ತೊಯ್ದು ಹಣೆಗೆ ಅಂಟಿತ್ತು. ಏನೂ ಆಗಲಿಲ್ಲ. ಆದರೆ ಮಕ್ಕಳ ಡಾಕ್ಟರ್ ಅನ್ನಿಸಿಕೊಂಡವಳ ಕೈ ಅವತ್ತು ನಡುಗುತ್ತಿತ್ತು.

ಅದಕ್ಕೇ ಕುಲಾವಿ, ಕುಂಚಿಗೆ ಹೊರಗೆ ಗಾಳಿಗೆ ಒಯ್ಯುವಾಗ ಹಾಕಿ. ಮನೆಯೊಳಗೆ ಮಲಗಿಸುವಾಗ ತೆಗೆಯಿರಿ. ಕೂಸು ಮೈ ಬಿಸಿಯನ್ನು ತಲೆಯಿಂದಲೇ ಜಾಸ್ತಿ ಬಿಡುತ್ತದೆ, ಜೊತೆಗೆ ಕುಲಾವಿಯ ಕಸಿ, ಅಂದರೆ ಕಟ್ಟುವ ದಾರ, ಕೊರಳಿಗೆ ಸುತ್ತಿಕೊಳ್ಳಬಹುದು. ಕೊರಳಲ್ಲಿ ಕರಿದಾರ, ತಾಯತ ಇದ್ದರೆ ರಾತ್ರಿ ತೆಗೆದಿಡಿ. ಉಡದಾರಕ್ಕೆ ನನ್ನ ತಕರಾರಿಲ್ಲ. ಚಳಿ ಅನ್ನಿಸಿದರೆ ನೀವು ಹಾಕಿದ್ದಕ್ಕಿಂತ ಒಂದು ಪದರ ಜಾಸ್ತಿ ಬಟ್ಟೆ ತೊಡಿಸಿ, ಹೊದಿಸಬೇಡಿ. ಕೈಕಾಲು ತಣ್ಣಗಿದ್ದರೆ ಗಾಬರಿ ಬೇಡ, ಹೆಗಲ ಹಿಂದೆ ಬೆರಳು ಇಟ್ಟು ನೋಡಿ. ಬೆವರಿದ್ದರೆ ಒಂದು ಪದರ ತೆಗೆಯಿರಿ.

ಸೊಳ್ಳೆಗೆ ತೊಟ್ಟಿಲಿನ ಹೊರಗಿನಿಂದ ಪರದೆ ಬಿಗಿಯಾಗಿ ಎಳೆದು ಕಟ್ಟಿ, ಒಳಗೆ ಜೋಲಬಾರದು. ಮುಚ್ಚಿದ ಕೋಣೆಯಲ್ಲಿ ಕಾಯಿಲ್ ಹಚ್ಚಬೇಡಿ. ಛತ್ರಿ ಹಾಸಿಗೆಯ ಬಗ್ಗೆ ಹೇಳೋದೇ ಮರೆತಿದ್ದೆ. ಅದರ ದಿಂಬು, ಗಾದಿ ಎರಡನ್ನೂ ತೆಗೆದು, ಬರೀ ಪರದೆಯನ್ನು ಅಜ್ಜಿ ಮನೆಯ ಅಂಗಳದಲ್ಲಿ ಹಗಲು ನೀವು ಪಕ್ಕದಲ್ಲಿ ಕೂತಿದ್ದಾಗ ಬಳಸಿ. ಹೊರಳುವ ಕೂಸು ಅದರ ಪರದೆಗೆ ಮುಖ ಒತ್ತುತ್ತದೆ, ಹಾಗಾಗಿ ರಾತ್ರಿಗೆ ಬೇಡ.

ಸಾಸಿವೆ ದಿಂಬು ತಲೆ ಗುಂಡಗಾಗಲಿ ಅಂತ ಅಲ್ವಾ? ಎಚ್ಚರ ಇದ್ದಾಗ ದಿನಕ್ಕೆ ನಾಲ್ಕಾರು ಸಲ ಬೋರಲು ಮಲಗಿಸಿ ಆಟ ಆಡಿಸಿ. ಅತ್ತೆಯವರಿಗೇ ಆ ಕೆಲಸ ಒಪ್ಪಿಸಿ, ಖುಷಿಪಡುತ್ತಾರೆ.

ಧಾರವಾಡದ ತಾಯಿ:

ಒಪ್ಪಿಸಿದೆ ಮೇಡಂ. ತೊಟ್ಟಿಲೂ ನಿಂತಿತು, ನಾಲ್ಕು ಸಲ ಟಕ್ ಅಂತು. ಅತ್ತೆಯವರು ಸಾಸಿವೆ ದಿಂಬು ಬಿಚ್ಚಿ ಸಾಸಿವೆಯನ್ನು ಡಬ್ಬಿಗೆ ಸುರಿದರು, ಉಪ್ಪಿನಕಾಯಿಗೆ ಆಗುತ್ತದಂತೆ.